ನೀರ್‌ಮೋರ್

ದಿನವಿಡೀ ಕಂಪ್ಯೂಟರ್ ಮುಂದೆ ಕೂತು ತಲೆ ಕಾದ ಹಂಚಾಗಿತ್ತು. ಸಂಜೆ ಚೆನ್ನೈನ ತಿರುಮಯಿಲೈ ಸ್ಟೇಷನ್ನಿನಲ್ಲಿಳಿದರೆ ಕಾಲಿಡಲು ಜಾಗವಿಲ್ಲ. ಕಪಾಲೀಶ್ವರನ ಪಂಗುನಿ ಜಾತ್ರೆ, ಅವತ್ತು ‘ಅರುಪತ್ತಿಮೂವರ್’. ಶೈವ ಸಂತರಾದ 63 ನಾಯನಾರರ ಮೆರವಣಿಗೆ. (ನಮ್ಮ ಅರವತ್ತುಮೂವರು ಪುರಾತನರೇ!) ಭಕ್ತಿಗಿಂತ ಮೊದಲು ನನಗೆ ಬಂದದ್ದು ಸಿಡುಕು.

ಚಪ್ಪರದ ಕೆಳಗಿದ್ದ ಅಜ್ಜಿಯೊಬ್ಬರು ಮುಖ ನೋಡಿದವರೇ ನೀರ್‌ಮೋರ್ ಎಂಬ ನೀರುಮಜ್ಜಿಗೆಯ ಲೋಟ ಚಾಚಿದರು: “ಕುಡಿಪ್ಪಾ.” ಕುಡಿ ಅನ್ನೋದಕ್ಕೆ ಅನುವಾದ ಯಾಕೆ? ಫೋನ್ ಜೇಬಿಗಿಟ್ಟು ಗುಟುಕು ಗುಟುಕಾಗಿ ಕುಡಿದೆ. ಮೊದಲು ಇಂಗು, ಆಮೇಲೆ ಶುಂಠಿ, ತಳದಲ್ಲಿ ಹಲ್ಲಿಗೆ ಸಿಕ್ಕ ಮಾವಿನಕಾಯಿ ಚೂರು. ಅಷ್ಟು ಹೊತ್ತು ಬೇರೇನೂ ನೆನಪಾಗಲಿಲ್ಲ.

ಎರಡನೇ ಲೋಟಕ್ಕೆ ನಾನೇ ಕೈಯೊಡ್ಡಿದೆ. ಆಮೇಲೆ ಅಜ್ಜಿಯ ಪಕ್ಕ ನಿಂತು ಒಂದಷ್ಟು ಜನಕ್ಕೆ ಹಂಚಿದೆ. ಕಾಲುನೋವು ಗೊತ್ತಾದದ್ದು ಮನೆಯ ಮೆಟ್ಟಿಲು ಹತ್ತುವಾಗಲೇ.