ಹಳೆಯ ಕಾರು ಎಂದು ಅಮೂಲ್ಯವಾಗುತ್ತದೆ?

ಹಳೆಯದಾಗಲು ಕಾಲವೊಂದೇ ಸಾಕು. ಅಮೂಲ್ಯವಾಗಲು ಕಾಲದ ಜೊತೆಗೆ ಕಾಯುವವರೂ ಬೇಕು. ಈ ಮಾತಿನ ಅರ್ಥವನ್ನು ಧಾರವಾಡದ ನಿವೃತ್ತ ಗಣಿತದ ಮೇಷ್ಟರೊಬ್ಬರು ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ಮನೆಯ ಮುಂದೆ ನಿಂತಿದ್ದ ಮಾರುತಿ 800 ಕಾರಿನ ಮೂಲಕ ಅರಿಯಬೇಕಾಗಿ ಬಂದಿತು.

ಆ ಕಾರನ್ನು ಅವರು 1995ರಲ್ಲಿ ಸಾಲ ಮಾಡಿ ಹೊಸದಾಗಿಯೇ ಕೊಂಡಿದ್ದರು. ಬಿಳಿಯ ಬಣ್ಣ, ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್, ನಾಲ್ಕು ಗೇರು. ಸೀಟಿನ ಹೊದಿಕೆಗಳನ್ನು ಅವರ ಶ್ರೀಮತಿಯವರು ತಮ್ಮ ಕೈಯಾರೆ ಹೊಲಿದಿದ್ದರು. ಅವರು ತೀರಿಕೊಂಡು ನಾಲ್ಕು ವರ್ಷಗಳಾದರೂ ಆ ಹೊದಿಕೆಗಳು ಬದಲಾಗಿರಲಿಲ್ಲ. ಕಾರಿನ ಮೊದಲ ಹದಿನೈದು ವರ್ಷಗಳ ನೋಂದಣಿ 2010ಕ್ಕೆ ಮುಗಿದು, ಅನಂತರ ಐದೈದು ವರ್ಷಗಳಿಗೊಮ್ಮೆ ನವೀಕರಣಗೊಳ್ಳುತ್ತಾ 2025ರಲ್ಲಿ ಮತ್ತೊಮ್ಮೆ ಅವಧಿ ತೀರಿತು. ಬೆಂಗಳೂರಿನಿಂದ ಬಂದಿದ್ದ ಮಗನು, “ಅಪ್ಪಾಜಿ, ಇದನ್ನ ಗುಜರಿಗೆ ಕೊಟ್ಟುಬಿಡ್ರಿ, ಅಂಗಳದಾಗ ಜಾಗಾ ಆದ್ರೂ ಆಗ್ತದ” ಎಂದನು. ಇಪ್ಪತ್ತು ವರ್ಷಗಳಿಂದ ಆ ಕಾರನ್ನು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ಕನು, “ಸರ್ರ, ಅವಸರ ಮಾಡಬ್ಯಾಡ್ರಿ. ಹತ್ತು ವರ್ಷ ಬಿಟ್ಟು ನೋಡ್ರಿ, ಇದಕ್ಕ ಬಂಗಾರದ ಬೆಲಿ ಬರ್ತದ” ಎಂದನು.

ಗಣಿತ ಕಲಿಸಿದವರಿಗೆ ಇಬ್ಬರ ಮಾತೂ ಪುರಾವೆಯಿಲ್ಲದ ಉತ್ತರಗಳಂತೆ ಕಂಡವು. ಸಾಮಾನ್ಯವಾದ ಹಳೆಯ ಕಾರುಗಳಲ್ಲಿ ಯಾವುದು ಮುಂದೆ ಸಂಗ್ರಹಯೋಗ್ಯವಾಗುತ್ತದೆ, ಯಾವುದು ಕಬ್ಬಿಣದ ತೂಕಕ್ಕೆ ಹೋಗುತ್ತದೆ ಎಂಬುದಕ್ಕೆ ಏನಾದರೊಂದು ಸೂತ್ರವಿದೆಯೇ ಎಂದು ಅವರು ಒಂದು ನೋಟುಪುಸ್ತಕವನ್ನು ಹಿಡಿದು ಕುಳಿತರು.

ಸಂದುಹೋದ ಕಾಲವನ್ನು ನೋಡಿದರೆ ಕೆಲವು ಲಕ್ಷಣಗಳು ಸ್ಪಷ್ಟವಾಗಿ ಗೋಚರಿಸುತ್ತವೆ. ಮೊದಲನೆಯದು, ವಿಪುಲತೆಯೇ ವಿರಳತೆಗೆ ಕಾರಣವಾಗುವ ವೈಚಿತ್ರ್ಯ. ನಮ್ಮ ಹಿರಿಯರು ಸುಮ್ಮನೆ ‘ಫಿಯಟ್’ ಎಂದೇ ಕರೆಯುತ್ತಿದ್ದ ಪ್ರೀಮಿಯರ್ ಪದ್ಮಿನಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿತ್ತು. ಕಪ್ಪು-ಹಳದಿ ಟ್ಯಾಕ್ಸಿಯಾಗಿ ಅದು ಆ ನಗರದ ಗುರುತೇ ಆಗಿತ್ತು. ಎಲ್ಲೆಲ್ಲೂ ಇದ್ದುದರಿಂದಲೇ ಅದನ್ನು ಯಾರೂ ಎತ್ತಿಡಲಿಲ್ಲ. ದುಡಿಸಿದರು, ಸವೆಸಿದರು, ಮುರಿದರು. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯು ಮುಂಬಯಿಯ ರಸ್ತೆಯಿಂದ ನಿವೃತ್ತವಾದಾಗ, ಒಂದನ್ನಾದರೂ ವಸ್ತುಸಂಗ್ರಹಾಲಯದಲ್ಲಿ ಉಳಿಸಬೇಕೆಂಬ ಕೂಗು ಎದ್ದಿತು. ಸಾಮಾನ್ಯವಾದುದರ ಬೆಲೆ ಅದು ಕಾಣದಾದ ಮೇಲೆಯೇ ತಿಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಎರಡನೆಯದು ನೆನಪು. ಪೂರ್ವ ಜರ್ಮನಿಯ ಟ್ರಾಬಂಟ್ ಕಾರು 1957ರಿಂದ 1991ರವರೆಗೆ ಮೂವತ್ತು ಲಕ್ಷದಷ್ಟು ತಯಾರಾಯಿತು. ಹೊಗೆಯುಗುಳುವ ಪುಟ್ಟ ಎಂಜಿನ್ನು, ಹತ್ತಿಯ ಎಳೆ ಬೆರೆಸಿದ ಗಟ್ಟಿ ಪ್ಲಾಸ್ಟಿಕ್ಕಿನ ಮೈ. 1989ರಲ್ಲಿ ಬರ್ಲಿನ್ ಗೋಡೆ ಬಿದ್ದ ಮೇಲೆ ಜನರು ಅವುಗಳನ್ನು ಬೀದಿಬದಿಯಲ್ಲಿಯೇ ಬಿಟ್ಟುಹೋದರು. ಅದೇ ಕಾರನ್ನು ಇಂದು ಅಭಿಮಾನಿಗಳ ಸಂಘಗಳು ಜತನದಿಂದ ಕಾಪಾಡುತ್ತಿವೆ. ಅದರ ಹಿಂದಿನ ಸೀಟಿನಲ್ಲಿ ಕುಳಿತು ಬೆಳೆದ ಮಕ್ಕಳು ನಡುವಯಸ್ಸಿಗೆ ಬಂದರು, ಕೈಯಲ್ಲಿ ನಾಲ್ಕು ಕಾಸು ಕೂಡಿದವು, ಬಾಲ್ಯ ನೆನಪಾಯಿತು. ಕಾರಿನ ಬೆಲೆಯು ಅದರ ಯೋಗ್ಯತೆಯಿಂದ ಮಾತ್ರ ಏರುವುದಿಲ್ಲ, ಅದರಲ್ಲಿ ಕುಳಿತವರ ವಯಸ್ಸಿನಿಂದಲೂ ಏರುತ್ತದೆ ಎಂಬುದು ಇದರ ತಾತ್ಪರ್ಯ.

ವಿರಳತೆಯೊಂದೇ ಸಾಲದು ಎಂಬುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. 1980ರ ದಶಕದಲ್ಲಿ ಅಲ್ಲಿಯ ಸಿಪಾನಿ ಸಂಸ್ಥೆಯು ಫೈಬರ್ ಮೈಯ ‘ಡಾಲ್ಫಿನ್’ ಕಾರನ್ನು ತಯಾರಿಸಿತು. ಇಂದು ಅದು ಅತಿ ವಿರಳ. ಆದರೆ ಅದನ್ನು ಬಲ್ಲವರೂ ಅಷ್ಟೇ ವಿರಳ. ನೆನೆಯುವವರು ಕಡಿಮೆಯಿದ್ದರೆ ಹುಡುಕುವವರೂ ಕಡಿಮೆ. 2001ರಲ್ಲಿ ಅದೇ ನಗರದಿಂದ ಹೊರಬಂದ ವಿದ್ಯುತ್ ಕಾರು ‘ರೇವಾ’ದ ಪಾಡು ತುಸು ಭಿನ್ನ. ವಿದ್ಯುತ್ ವಾಹನಗಳು ಮನೆಮಾತಾಗಿರುವ ಈ ದಿನಗಳಲ್ಲಿ, ಲಂಡನ್ನಿನ ಬೀದಿಗಳಲ್ಲಿಯೂ ಓಡಿದ ಆ ಪುಟ್ಟ ಬಂಡಿಗೆ ಮೊದಲಿಗನೆಂಬ ಗೌರವ ಸಲ್ಲುತ್ತದೆ. ತನ್ನ ಬಗೆಯಲ್ಲಿ ಮೊದಲನೆಯದು ಅಥವಾ ಕೊನೆಯದು ಆಗಿರುವುದು ಮೂರನೆಯ ಲಕ್ಷಣ.

ನಾಲ್ಕನೆಯದು ದುರಸ್ತಿಯ ಸಾಧ್ಯತೆ. ಸ್ಪ್ಯಾನರು, ಸ್ಕ್ರೂಡ್ರೈವರುಗಳಿಂದ ಬಿಚ್ಚಿ ಜೋಡಿಸಬಹುದಾದ ಕಾರು ಎಷ್ಟು ಕಾಲವಾದರೂ ಉಳಿಯಬಲ್ಲುದು. ಅಂಬಾಸಡರ್ ಕಾರಿನ ತಯಾರಿಕೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 2014ರಲ್ಲಿಯೇ ನಿಂತುಹೋದರೂ ಅದನ್ನು ಬಲ್ಲ ಕೈಗಳು ಊರೂರಿನಲ್ಲಿವೆ. ಈಚಿನ ಕಾರುಗಳ ಪ್ರಾಣವಾದರೋ ಎಲೆಕ್ಟ್ರಾನಿಕ್ ಪೆಟ್ಟಿಗೆಗಳಲ್ಲಿದೆ. ಆ ಪೆಟ್ಟಿಗೆ ಕೆಟ್ಟು, ಅಂಥದೇ ಇನ್ನೊಂದು ದೊರೆಯದಿದ್ದರೆ, ಮೈ ಹೊಳೆಯುತ್ತಿದ್ದರೂ ಕಾರು ನಿಂತಲ್ಲೇ ನಿಲ್ಲುತ್ತದೆ. ಐದನೆಯದು ಮೂಲಸ್ವರೂಪ. ಹೊಸ ಬಣ್ಣ, ಹೊಳೆಯುವ ಚಕ್ರ, ಗ್ಯಾಸ್ ಕಿಟ್ಟು ಇವೆಲ್ಲ ಬಳಸುವವನಿಗೆ ಹಿತ, ಸಂಗ್ರಾಹಕನಿಗೆ ಕೊರತೆ. ಕೊಂಡ ದಿನದ ರಸೀತಿ, ಸರ್ವೀಸ್ ಪುಸ್ತಕ, ಒಬ್ಬನೇ ಮಾಲೀಕನಿದ್ದನೆಂಬ ದಾಖಲೆ ಇವು ಅವನಿಗೆ ಹೊಸ ಬಣ್ಣಕ್ಕಿಂತ ಹೆಚ್ಚು.

ಮೇಷ್ಟರು ಈ ಐದನ್ನೂ ಒರೆಗಲ್ಲಾಗಿಸಿ ತಮ್ಮ ಕಾರನ್ನು ಪರೀಕ್ಷಿಸಿದರು. ನೆನಪಿನ ಲೆಕ್ಕದಲ್ಲಿ ಅದಕ್ಕೆ ಪೂರ್ಣಾಂಕ, ಏಕೆಂದರೆ ದೇಶದ ಅಸಂಖ್ಯ ಕುಟುಂಬಗಳ ಮೊದಲ ಕಾರು ಅದು. ದುರಸ್ತಿಯಲ್ಲಿಯೂ ಕೊರತೆಯಿಲ್ಲ, 2019ರವರೆಗೆ ತಯಾರಾದ ಓಮ್ನಿಯದೂ ಅದೇ ವಂಶದ ಎಂಜಿನ್ನಾದುದರಿಂದ ಬಿಡಿಭಾಗಗಳು ಸಿಗುತ್ತವೆ. ಆದರೆ ಮೊದಲಿಗತನದ ಗೌರವ 1983ರ ಡಿಸೆಂಬರಿನಲ್ಲಿ ಹೊರಬಂದು 1986ರವರೆಗೆ ನಡೆದ ಮೊದಲ ಮಾದರಿಗೆ ಸೇರಿದ್ದು, 1995ರದಕ್ಕೆ ಅಲ್ಲ. ಮೊಟ್ಟಮೊದಲ ಗ್ರಾಹಕರಿಗೆ ಕೊಟ್ಟ ಕಾರನ್ನು ಕಂಪನಿಯೇ ಸರಿಪಡಿಸಿ ತನ್ನ ಕಚೇರಿಯಲ್ಲಿ ಇರಿಸಿಕೊಂಡಿದೆ. 2014ರ ಆರಂಭದಲ್ಲಿ ತಯಾರಿಕೆ ನಿಲ್ಲುವವರೆಗೆ ಹೊರಬಂದ ಇಪ್ಪತ್ತೈದು ಲಕ್ಷಕ್ಕೂ ಮಿಕ್ಕ ಕಾರುಗಳಲ್ಲಿ ಇವರದೂ ಒಂದು. ಬಂಗಾರದ ಬೆಲೆಯ ಮಾತು ಸದ್ಯಕ್ಕೆ ಕನಸೇ ಸರಿ ಎಂದು ಅವರು ಪ್ರಾಮಾಣಿಕವಾಗಿ ಬರೆದುಕೊಂಡರು.

ಹಾಗಾದರೆ ಇಂದಿನ ಸಾಮಾನ್ಯ ಕಾರುಗಳಲ್ಲಿ ನಾಳೆಗೆ ಉಳಿಯುವುದು ಯಾವುದು? ಪುಟದ ಕೊನೆಯಲ್ಲಿ ಅವರು ಮೂರು ಹೆಸರುಗಳನ್ನು ಬರೆದರು. 1991ರಲ್ಲಿ ಬಂದ ಟಾಟಾ ಸಿಯೆರಾ, ಅದರ ವಿಶಿಷ್ಟ ಗಾಜಿನ ಮೈಯ ಕಾರಣಕ್ಕೆ. 1998ರ ಇಂಡಿಕಾ, ಭಾರತದ ಸಂಸ್ಥೆಯೇ ರೂಪಿಸಿದ ಕಾರೆಂಬ ಹೆಮ್ಮೆ ಹೊತ್ತು ಬಂದು, ಟ್ಯಾಕ್ಸಿಯಾಗಿ ದುಡಿದು ಸವೆದುಹೋದ ಕಾರಣಕ್ಕೆ. 2009ರ ನ್ಯಾನೊ, ಒಂದು ಲಕ್ಷದ ಕಾರೆಂದು ಜಗತ್ತೇ ತಿರುಗಿ ನೋಡಿದ ಕಾರಣಕ್ಕೆ. ಇದು ಊಹೆ ಮಾತ್ರ. ಆದರೆ ಯಾವ ಕಾರನ್ನು ಇಂದು ಯಾರೂ ಎತ್ತಿಡುತ್ತಿಲ್ಲವೋ ಅದರ ಕಡೆಗೆ ನೋಡಬೇಕೆಂಬ ಪಾಠವಾದರೂ ಪದ್ಮಿನಿಯಿಂದ ಸಿಕ್ಕಿತ್ತು.

ಇಷ್ಟಾದ ಮೇಲೆ ಕಾಲದ ಲೆಕ್ಕವೊಂದು ಉಳಿದಿತ್ತು. ಪುರಾತನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫಿವಾ’ದ ಪ್ರಕಾರ ಮೂವತ್ತು ವರ್ಷ ತುಂಬಿ, ಮೂಲರೂಪದಲ್ಲಿದ್ದು, ನಿತ್ಯದ ಓಡಾಟಕ್ಕೆ ಬಳಕೆಯಾಗದ ವಾಹನ ಐತಿಹಾಸಿಕವೆನಿಸುತ್ತದೆ. ಆ ಮೂವತ್ತು 2025ಕ್ಕೇ ತುಂಬಿತ್ತು. ಆದರೆ ನಮ್ಮ ಕೇಂದ್ರ ಸರ್ಕಾರವು 2021ರಲ್ಲಿ ತಂದ ನಿಯಮದಂತೆ ವಿಂಟೇಜ್ ಎನಿಸಿಕೊಳ್ಳಲು ಮೊದಲ ನೋಂದಣಿಯಿಂದ ಐವತ್ತು ವರ್ಷ ಕಳೆಯಬೇಕು. ಆಗ ಮಾತ್ರ ಫಲಕದ ಮೇಲೆ ‘ವಿ.ಎ.’ ಎಂಬ ಅಕ್ಷರಗಳು ಬರುತ್ತವೆ. ಆ ಮೇಲೂ ಪ್ರದರ್ಶನ, ರ‍್ಯಾಲಿಗಳಿಗಲ್ಲದೆ ದಿನನಿತ್ಯದ ಸಂಚಾರಕ್ಕೆ ಅದನ್ನು ರಸ್ತೆಗಿಳಿಸುವಂತಿಲ್ಲ. 1995ಕ್ಕೆ ಐವತ್ತು ಕೂಡಿಸಿದರೆ 2045. ಆಗ ಮೇಷ್ಟರಿಗೆ ತೊಂಬತ್ತು. ಅವರು ಪೆನ್ನು ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತರು. ಇಷ್ಟು ದಿನ ಬೆಲೆಯ ಪ್ರಶ್ನೆಯಾಗಿದ್ದುದು ಈಗ ಯಾರಿಗಾಗಿ ಎಂಬ ಪ್ರಶ್ನೆಯಾಗಿತ್ತು.

ಉತ್ತರ ಬಂದದ್ದು ಮೊಮ್ಮಗಳಿಂದ. ಕಾಲೇಜಿನ ರಜೆಗೆ ಬಂದಿದ್ದ ಆಕೆ ಒಂದು ಸಂಜೆ, “ಅಜ್ಜಾ, ಈ ಸೀಟಿನ ಬಟ್ಟಿ ಅಜ್ಜಿ ಹೊಲಿದಿದ್ದೇನು?” ಎಂದು ಕೇಳಿದಳು. ಹೌದೆಂದಾಗ, “ಹಂಗಾದ್ರ ಇದನ್ನ ಕೊಡಬ್ಯಾಡ್ರಿ, ನನಗ ಗೇರ್ ಹಾಕೋದು ಕಲಸ್ರಿ” ಎಂದಳು. ಬೆಲೆ ಬರುತ್ತದೆಯೋ ಇಲ್ಲವೋ ಎಂದು ಆಕೆ ಕೇಳಲಿಲ್ಲ.

ಮರುವಾರ ಮೇಷ್ಟರು ಸಾರಿಗೆ ಕಚೇರಿಗೆ ಹೋಗಿ ನವೀಕರಣದ ಅರ್ಜಿ ಕೊಟ್ಟರು. ಕಾರು ತಪಾಸಣೆಯಲ್ಲಿ ತೇರ್ಗಡೆಯಾಯಿತು. ಇನ್ನೈದು ವರ್ಷ ದೊರೆಯಿತು. ಮಗನು ಫೋನಿನಲ್ಲಿ, “ದುಡ್ಡು ಹಾಳು, ಅಪ್ಪಾಜಿ” ಎಂದನು. ಅವನ ಮಾತು ಸುಳ್ಳೂ ಆಗಿರಲಿಲ್ಲ. ನವೀಕರಣ, ವಿಮೆ, ಟಯರು, ತುಕ್ಕಿನ ಕೆಲಸ ಇವನ್ನೆಲ್ಲ ಕೂಡಿಸಿದರೆ, ಸಾಮಾನ್ಯ ಕಾರೊಂದು ತನ್ನ ಖರ್ಚನ್ನು ಮೀರಿ ಬೆಲೆ ತರುವುದು ಅಪರೂಪ. ಲಾಭಕ್ಕೆಂದೇ ಹಳೆಯ ಕಾರನ್ನು ಇಟ್ಟುಕೊಳ್ಳುವವರು ಈ ಲೆಕ್ಕವನ್ನು ಮೊದಲು ಹಾಕಿಕೊಳ್ಳುವುದು ಒಳಿತು.

ಕನ್ನಡದಲ್ಲಿ ‘ಕಾಯು’ ಎಂಬ ಮಾತಿಗೆ ನಿರೀಕ್ಷಿಸು ಎಂಬ ಅರ್ಥವೂ ಉಂಟು, ರಕ್ಷಿಸು ಎಂಬ ಅರ್ಥವೂ ಉಂಟು. ಬೆಲೆ ಏರಲೆಂದು ನಿರೀಕ್ಷಿಸುವವನು ಏರದಿದ್ದಾಗ ಕೈಬಿಡುತ್ತಾನೆ. ರಕ್ಷಿಸುವವನ ಕೈಯಲ್ಲಿ ಮಾತ್ರ ವಸ್ತುವು ಬೆಲೆ ಬರುವ ಕಾಲದವರೆಗೂ ಉಳಿಯುತ್ತದೆ. ಆದುದರಿಂದ ಯಾವ ಕಾರು ಮುಂದೆ ಅಮೂಲ್ಯವಾದೀತೆಂದು ಕೇಳುವವರು, ಬೆಲೆಯೇ ಬಾರದಿದ್ದರೂ ಯಾವುದನ್ನು ಇಟ್ಟುಕೊಳ್ಳಬಲ್ಲೆವು ಎಂದು ತಮ್ಮನ್ನು ತಾವೇ ಮೊದಲು ಕೇಳಿಕೊಳ್ಳಬೇಕಾಗುತ್ತದೆ. ಮೇಷ್ಟರು ಕೊಂಡ ದಿನದ ರಸೀತಿಯನ್ನೂ ಸರ್ವೀಸ್ ಪುಸ್ತಕವನ್ನೂ ಒಂದು ಕಡತದಲ್ಲಿ ಸೇರಿಸಿ, ಅದರ ಮೇಲೆ ಮೊಮ್ಮಗಳ ಹೆಸರು ಬರೆದಿಟ್ಟಿದ್ದಾರೆ.