ಸರಸ್ವತೀ ಭಂಡಾರಿಕನ ಪರೀಕ್ಷೆ

ನಮ್ಮ ಚಿತ್ತಾಪುರದ ಮಗ್ಗುಲಲ್ಲಿಯೇ ನಾಗಾವಿ ಎಂಬ ಪುರಾತನ ಸ್ಥಳವಿರುವುದು. ಈಗ ಅಲ್ಲಿ ಹಳೆಯ ಗುಡಿಗಳೂ ಕಂಬಗಳೂ ಉಳಿದಿವೆ. ಚಾಲುಕ್ಯ ಚಕ್ರವರ್ತಿ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ ಅದೊಂದು ಘಟಿಕಾಸ್ಥಾನ, ಎಂದರೆ ದೊಡ್ಡ ವಿದ್ಯಾಪೀಠವಾಗಿತ್ತು. ಕ್ರಿ. ಶ. 1058ರ ಅಲ್ಲಿಯ ಶಾಸನದಲ್ಲಿ ವೇದಾಧ್ಯಯನ ಮಾಡುವ 200 ಮಂದಿ ವಿದ್ಯಾರ್ಥಿಗಳಿಗೂ, ಶಾಸ್ತ್ರಗಳನ್ನು ಓದುವವರಿಗೂ, ಅವರ ಉಪಾಧ್ಯಾಯರಿಗೂ ಮಾಡಿದ ಏರ್ಪಾಡು ಹೇಳಲ್ಪಟ್ಟಿದೆ. ಅದರೊಡನೆ ಆರು ಮಂದಿ ಸರಸ್ವತೀ ಭಂಡಾರಿಕರ ಮಾತೂ ಬರುವುದು. ಗ್ರಂಥಭಂಡಾರವನ್ನು ಕಾಯತಕ್ಕವರು ಇವರು. ನಾವು ಉಪಾಧ್ಯಾಯರಾಗಿದ್ದಷ್ಟು ಕಾಲವೂ ಆ ಹಿಂದಿನ ಉಪಾಧ್ಯಾಯರ ವಿಷಯವನ್ನು ಮಕ್ಕಳಿಗೆ ಹೆಮ್ಮೆಯಿಂದ ಹೇಳಿದೆವು. ಆ ಆರು ಮಂದಿಯ ವಿಷಯವನ್ನು ಒಮ್ಮೆಯೂ ಯೋಚಿಸಲಿಲ್ಲ. ಯೋಚಿಸುವಂತೆ ಮಾಡಿದವನು ನಮ್ಮ ಹಳೆಯ ಶಿಷ್ಯನೊಬ್ಬನು.

ಅವನ ತಂದೆ ಶಹಾಬಾದಿನ ಫರಸಿ ಕಲ್ಲಿನ ಗಣಿಯಲ್ಲಿ ಕಲ್ಲು ಸೀಳುತ್ತಿದ್ದವನು. 2006ರಲ್ಲಿ ಹುಡುಗನು ಪಿ.ಯು.ಸಿ. ತೇರ್ಗಡೆಯಾದ ಬೇಸಿಗೆಯಲ್ಲಿಯೇ ತಂದೆಯ ಬಲಗೈ ಕಲ್ಲಿನಡಿ ಸಿಕ್ಕಿ ಕೆಲಸಕ್ಕೆ ಬಾರದಂತಾಯಿತು. ಕಾಲೇಜು ಸೇರಲೋ, ಕೆಲಸ ಹಿಡಿಯಲೋ ಎಂದು ಕೇಳುವುದಕ್ಕೆ ಅವನು ನಮ್ಮಲ್ಲಿಗೆ ಬಂದನು. "ಮೊದಲು ಅನ್ನದ ದಾರಿ ನೋಡಪ್ಪಾ, ಓದು ಎಲ್ಲಿಗೂ ಓಡಿಹೋಗುವುದಿಲ್ಲ" ಎಂದೆವು. ಅವನು ನಮಸ್ಕರಿಸಿ ಹೊರಟುಹೋದನು. ಆ ಮಾತನ್ನಾಡಲು ನಮಗೆ ಅರೆನಿಮಿಷವೂ ಹಿಡಿಯಲಿಲ್ಲ. ಅವನಿಗೆ ಅದರಿಂದ ಹತ್ತೊಂಬತ್ತು ವರ್ಷ ಹಿಡಿಯಿತು.

ಸಿಕಂದರಾಬಾದಿನಿಂದ ವಾಡಿಗೆ 1874ರಲ್ಲಿ ನಿಜಾಮರ ರಾಜ್ಯದಲ್ಲಿ ಹಾಕಿದ ರೈಲುದಾರಿಯು ಸೇಡಂ, ಚಿತ್ತಾಪುರಗಳ ಮೇಲೆಯೇ ಹಾಯ್ದುಹೋಗುವುದು. ಅದರ ಸುತ್ತುಮುತ್ತಲಿನ ನೆಲವೆಲ್ಲ ಸುಣ್ಣಕಲ್ಲು. ಆದಕಾರಣ ಇಲ್ಲಿ ಹಲವು ಸಿಮೆಂಟು ಕಾರ್ಖಾನೆಗಳು ಎದ್ದಿವೆ. ಅವುಗಳಲ್ಲೊಂದರಲ್ಲಿ ಅವನು ಲೆಕ್ಕ ಟೈಪು ಮಾಡುವವನಾಗಿ ಸೇರಿ, ನೋಡಿ ನೋಡಿಯೇ ಕಲಿತು, ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆದನು. ಲಾರಿಗಳ ತೂಕ, ಕೂಲಿಗಳ ಹಾಜರಿ, ಸಂಬಳ, ಉಗ್ರಾಣ, ಎಲ್ಲವೂ ಸರ್ವರ್ ಎಂಬ ಕೆಲವು ಗಣಕಯಂತ್ರಗಳೊಳಗೆ ಇರುತ್ತವೆಯಷ್ಟೆ. ಅವು ನಿಲ್ಲದಂತೆ, ಕೆಡದಂತೆ, ಕಳ್ಳರು ಹೊಗದಂತೆ ನೋಡಿಕೊಳ್ಳುವುದು ಅವನ ಕೆಲಸ. ನಮ್ಮ ಸೀಮೆಯ ಬೇಸಿಗೆಯೂ ಕಾರ್ಖಾನೆಯ ಧೂಳೂ ಆ ಯಂತ್ರಗಳಿಗೆ ವೈರಿಗಳು. ಅವನು ಚಿಂಚೋಳಿಯಲ್ಲಿರುವ ಹೆಂಡತಿಯ ತವರಿಗೆ ಹಬ್ಬಕ್ಕೆ ಹೋದಾಗ, ಕಾಡಿನ ಬದಿಗೆ ಮೊಬೈಲಿನ ಸಿಗ್ನಲು ಸಿಗದಿದ್ದರೆ ಹೋಳಿಗೆಯೂ ಅವನಿಗೆ ರುಚಿಸದು.

"ಸರ, ಮಷೀನು ನಿಂತ್ರ ಎಲ್ಲಾರೂ ನನ್ನ ಕರೀತಾರ್ರಿ, ನಡದಾಗ ಯಾರೂ ನೆನಸೂದಿಲ್ಲ" ಎಂದು ಒಮ್ಮೆ ನಕ್ಕನು. ಆ ಮಾತು ನಮಗೆ ತಿಳಿದದ್ದು 2024ನೆಯ ಜುಲೈ 19ರಂದು. ಆ ದಿನ ಒಂದು ರಕ್ಷಣಾ ತಂತ್ರಾಂಶಕ್ಕೆ ಕಳಿಸಿದ ತಪ್ಪು ತಿದ್ದುಪಡಿಯಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಗಣಕಯಂತ್ರಗಳು ಸ್ತಬ್ಧವಾದವು. ವಿಮಾನಗಳು ನಿಂತವು, ಆಸ್ಪತ್ರೆಗಳು ತೊಡಕಿಗೆ ಸಿಕ್ಕಿದವು. ಬಹಳಷ್ಟು ಯಂತ್ರಗಳ ಮುಂದೆ ಒಬ್ಬೊಬ್ಬ ಮನುಷ್ಯನು ಕುಳಿತು ಕೈಯಾರೆ ಸರಿಪಡಿಸಬೇಕಾಯಿತು. ಹಾಗೆ ಕುಳಿತವರ ಹೆಸರು ಯಾವ ಪತ್ರಿಕೆಯಲ್ಲಿಯೂ ನಮ್ಮ ಕಣ್ಣಿಗೆ ಬೀಳಲಿಲ್ಲ.

ಕೆಲಸ ಬಲ್ಲವನಿಗೆ ಪದವಿಯೇಕೆಂದು ವಾಚಕರು ಕೇಳಬಹುದು. ಅವನು ಕೈಹಿಡಿದು ಕಲಿಸಿದ ಹುಡುಗರು ಪದವಿಯ ಬಲದಿಂದ ಅವನಿಗೇ ಮೇಲಧಿಕಾರಿಗಳಾದರು. ಅದನ್ನೂ ಸಹಿಸಿದ್ದನು. ಆದರೆ ಮಗಳು ಶಾಲೆಯ ಅರ್ಜಿಯಲ್ಲಿ ತಂದೆಯ ವಿದ್ಯಾಭ್ಯಾಸವೆಂಬಲ್ಲಿ ಏನು ಬರೆಯಲಿ ಎಂದು ಕೇಳಿದಾಗ ಅವನಿಗೆ ಉತ್ತರ ಹೊರಡಲಿಲ್ಲವಂತೆ. 2019ರಲ್ಲಿ ಒಂದು ಮುಕ್ತ ವಿಶ್ವವಿದ್ಯಾಲಯಕ್ಕೆ ಸೇರಿದನು. ಮೂರು ವರ್ಷದ ಓದು. ಮುಗಿಸಲು ಆರು ವರ್ಷದ ಗಡುವು. ಭಾಷೆಗೆ ಸಂಸ್ಕೃತವನ್ನು ಆರಿಸಿ ಮತ್ತೆ ನಮ್ಮ ಬಾಗಿಲಿಗೆ ಬಂದನು.

ಬೆಳಿಗ್ಗೆ ರೈಲಿನಲ್ಲಿ ರಾಮಶಬ್ದ, ಸಂಜೆ ನಮ್ಮ ಜಗುಲಿಯಲ್ಲಿ ಸಂಧಿ. ನಡುವೆ ಮೊಬೈಲು ಮೊಳಗಿದರೆ ಪಾಠ ಅಲ್ಲಿಗೇ ನಿಂತಿತು. ಪಾಠ ಒಮ್ಮುಖವಾಗಿಯೂ ನಡೆಯಲಿಲ್ಲ. ದತ್ತಾಂಶಕ್ಕೆ ಮೂರು ಪ್ರತಿಗಳಿರಬೇಕು, ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಬೇರೆ ಊರಿನಲ್ಲಿರಬೇಕು ಎಂದು ಅವನು ನಮಗೆ ಹೇಳಿದನು. "ಪ್ರತಿ ತೆಗೆದಿಟ್ರ ಮುಗೀಲಿಲ್ರಿ; ತಿರುಗಿ ತಗದು ನೋಡಬೇಕು" ಎಂದನು. ನಾವು ಪದಪಾಠ, ಕ್ರಮಪಾಠ, ಜಟೆ, ಘನಗಳನ್ನು ವಿವರಿಸಿದೆವು. ಒಂದೇ ಮಂತ್ರದ ಪದಗಳನ್ನು ಹಿಂದುಮುಂದಾಗಿ ಹೆಣೆದು ಹೇಳುವುದರಿಂದ ಒಂದಕ್ಷರ ತಪ್ಪಿದರೂ ಸಿಕ್ಕಿಬೀಳುವುದೆಂದು ಕೇಳಿ, ಅವನು ಬಹಳ ಹೊತ್ತು ಸುಮ್ಮನೆ ಕುಳಿತನು. ನಾಗಾವಿಯ ಭಂಡಾರಿಕರ ಕಥೆಯನ್ನು ಹೇಳಿದ್ದು ಅಂದೇ. "ಹಂಗಾದ್ರ ಅವರೂ ನಮ್ಮ ಪೈಕೀನ ಆದ್ರಲ್ರಿ!" ಎಂದನು.

2024ರ ಡಿಸೆಂಬರಿಗೆ ಉಳಿದಿದ್ದುದು ಸಂಸ್ಕೃತ ಪತ್ರಿಕೆಯೊಂದೇ. ಹಿಂದಿನ ರಾತ್ರಿ ಸರ್ವರಿನ ಡಿಸ್ಕುಗಳು ಕೆಟ್ಟವು. ಬೇರೆ ಕಡೆ ಇಟ್ಟಿದ್ದ ಪ್ರತಿಯಿಂದ ಎಲ್ಲವನ್ನೂ ಮರಳಿ ನಿಲ್ಲಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ನಾಲ್ಕುನೂರು ಮನೆಗಳ ಸಂಬಳ ತಪ್ಪಲಿಲ್ಲ. ಅವನ ಪರೀಕ್ಷೆ ತಪ್ಪಿತು. ಇನ್ನುಳಿದದ್ದು 2025ರ ಜೂನ್, ಅದೇ ಕೊನೆಯದು.

ಈ ಸಲ ಅವನು ಬೇರೊಂದು ಸಿದ್ಧತೆ ಮಾಡಿದನು. ಏನು ಕೆಟ್ಟರೆ ಏನು ಮಾಡಬೇಕೆಂಬುದನ್ನು ಒಂದು ದಪ್ಪ ನೋಟುಬುಕ್ಕಿನಲ್ಲಿ ಕನ್ನಡದಲ್ಲಿಯೇ ಬರೆದು, ಸಹಾಯಕ ಹುಡುಗನಿಂದ ಎರಡು ತಿಂಗಳು ಮಾಡಿಸಿ ನೋಡಿದನು. ತನ್ನ ವಿದ್ಯೆಯನ್ನೆಲ್ಲ ಹೀಗೆ ಬರೆದುಕೊಟ್ಟರೆ ತನ್ನ ಬೆಲೆ ಹೋಗದೇ ಎಂದು ಹೆಂಡತಿ ಅಂಜಿದಳು. ಅವನು ಕೇಳಲಿಲ್ಲ.

ಪರೀಕ್ಷೆಯ ದಿನ ನಾವೂ ಕಲಬುರಗಿಗೆ ಹೋದೆವು. ಮೊಬೈಲನ್ನು ನಮ್ಮ ಕೈಯಲ್ಲಿಟ್ಟು ಅವನು ಒಳಗೆ ಹೋದನು. ಹನ್ನೊಂದಕ್ಕೆ ಅದು ಮೊಳಗಿತು. ಲಾರಿ ತೂಗುವ ಗಣಕಯಂತ್ರ ನಿಂತಿದೆ, ಹೊರಗೆ ಲಾರಿಗಳ ಸಾಲು ಬೆಳೆಯುತ್ತಿದೆ ಎಂದು ಸಹಾಯಕನು ಅಳುದನಿಯಲ್ಲಿ ಹೇಳಿದನು. ಅವನನ್ನು ಕರೆಸಬೇಕೇ? ಹತ್ತೊಂಬತ್ತು ವರ್ಷದ ಹಿಂದಿನ ನಮ್ಮ ಮಾತು ನಮಗೇ ಎದುರು ಬಂದು ನಿಂತಂತಾಯಿತು. "ನೋಟುಬುಕ್ಕು ತೆಗೆಯಪ್ಪಾ, ಅದರಲ್ಲಿ ಇದ್ದೇ ಇರುತ್ತದೆ" ಎಂದೆವು. ಆಮೇಲಿನ ಇಪ್ಪತ್ತು ನಿಮಿಷ ನಾವು ಬೇವಿನ ಮರದಡಿ ಕುಳಿತಿದ್ದೆವು, ಕೈ ನಡುಗುತ್ತಿತ್ತು. ತಿರುಗಿ ಮೊಳಗಿದಾಗ ಹುಡುಗನ ದನಿಯಲ್ಲಿ ಹಿಗ್ಗಿತ್ತು: "ನಡೀತ್ರಿ!"

ಫಲಿತಾಂಶ ಬಂದ ದಿನ ಅವನು ಪೇಢೆ ತಂದು ನಮಸ್ಕರಿಸಿದನು. "ಸರ, ನೀವು ಹೇಳಿದ್ದು ಖರೇನ ಆತ್ರಿ, ಓದು ಎಲ್ಲೂ ಓಡಿಹೋಗಲಿಲ್ಲ" ಎಂದನು. ಅವನ ದನಿಯಲ್ಲಿ ಕೊಂಕಿರಲಿಲ್ಲ; ಅದರಿಂದಲೇ ನಾವು ತಲೆಯೆತ್ತಲಾರದೆ ಹೋದೆವು. ಓದು ಓಡಿಹೋಗದ್ದು ನಮ್ಮ ಮಾತಿನ ಬಲದಿಂದಲ್ಲ, ಅವನು ಅದರ ಸೆರಗು ಬಿಡದೆ ಹಿಡಿದುದರಿಂದ. ಅನ್ನವನ್ನೂ ಓದನ್ನೂ ಜೊತೆಯಾಗಿ ನಡಸುವ ದಾರಿಯನ್ನು ಅಂದು ಅವನೊಡನೆ ಕುಳಿತು ಹುಡುಕಬೇಕಾದದ್ದು ನಮ್ಮ ಧರ್ಮವಾಗಿತ್ತು.

ಗೃಹಸ್ಥರಾದ ವಾಚಕರೇ, ನಿಮ್ಮ ಮನೆಯಲ್ಲಿಯೂ ದುಡಿದು ಬಂದು ರಾತ್ರಿ ಪುಸ್ತಕ ಬಿಡಿಸುವ ಮಗನೋ, ಸೊಸೆಯೋ, ತಮ್ಮನೋ ಇರಬಹುದು. ಅವರಿಗೆ ಉಪದೇಶ ಬೇಡ. ಒಂದು ಗಂಟೆ ಅವರನ್ನು ಯಾವ ಕೆಲಸಕ್ಕೂ ಕರೆಯಬೇಡಿರಿ. ಬಂದ ಕರೆಗೆ ನೀವೇ ಉತ್ತರ ಕೊಡಿರಿ.