ಅಬ್ಬಾ ಕೊಟ್ಟ ಚಾಕು

"ಟೀಚರ್, ನಿಮ್ ಚೀಲದಾಗ ಆ ಕೆಂಪು ಚಾಕು ಐತೇನ್ರಿ?"

ನಮ್ಮ ತುರ್ವಿಹಾಳದ ಮಕ್ಕಳು ಹೀಗೆ ಕೇಳಿದಾಗಲೆಲ್ಲ ಹೌದೆನ್ನುತ್ತಿದ್ದ ನಾನು ಕೆಲವು ತಿಂಗಳು ಇಲ್ಲವೆನ್ನಬೇಕಾಯಿತು. ಅದು ಹೆಬ್ಬೆರಳ ಗಾತ್ರದ ಮಡಚುವ ಚಾಕು. ಅದರೊಳಗೆ ಚಿಕ್ಕ ಅಲಗು, ಪುಟ್ಟ ಕತ್ತರಿ, ಉಗುರು ಉಜ್ಜುವ ಅರ, ಮುಳ್ಳು ತೆಗೆಯುವ ಚಿಮಟ ಎಲ್ಲವೂ ಇದ್ದವು. ಜಿದ್ದಾದಲ್ಲಿ ದುಡಿಯುತ್ತಿದ್ದ ಭಾಯಿಜಾನ್ ಅದನ್ನು ಅಬ್ಬಾಗೆಂದು ತಂದಿದ್ದರು. ಸೈಕಲ್ ರಿಪೇರಿ ಮಾಡುತ್ತಿದ್ದ ಅಬ್ಬಾಗೆ ಅದು ಆಟಿಕೆಯಂತೆ ಕಂಡಿತು. ಮದ್ರಸಾ ಓದು ಮುಗಿಸಿ, ಮನೆಯಲ್ಲೇ ಕುಳಿತು ಬಿ.ಎ. ಮಾಡಿಕೊಂಡು ನಾನು ಪಾಠ ಹೇಳಲು ಹೊರಟ ಮೊದಲ ದಿನ ಅದನ್ನು ನನ್ನ ಕೈಗಿತ್ತು, "ಮಕ್ಕಳಿರುವ ಜಾಗ, ಬೇಕಾಗುತ್ತದೆ" ಎಂದರು. ಅಬ್ಬಾ ಹೆಚ್ಚು ಮಾತಿನವರಲ್ಲ. ಅವರು ತೀರಿಕೊಂಡ ಮೇಲೆ ಆ ಚಾಕು ನನಗೆ ಬರೀ ಚಾಕುವಾಗಿ ಉಳಿಯಲಿಲ್ಲ.

2024ರಲ್ಲಿ ಅಮ್ಮಿಯನ್ನು ಕರೆದುಕೊಂಡು ಉಮ್ರಾಕ್ಕೆ ಹೊರಟೆವು. ಸಫಾ ಮರ್ವಾಗಳ ನಡುವೆ ಸಈ ಮುಗಿದ ಮೇಲೆ ಸ್ತ್ರೀಯರು ಬೆರಳ ತುದಿಯಷ್ಟು ಕೂದಲು ಕತ್ತರಿಸಿಕೊಳ್ಳಬೇಕಲ್ಲವೇ? ಅದನ್ನು ಅಬ್ಬಾನ ಕತ್ತರಿಯಿಂದಲೇ ಮಾಡಬೇಕೆಂಬುದು ನನ್ನ ಆಸೆ. ದೊಡ್ಡ ಪೆಟ್ಟಿಗೆಯಲ್ಲಿ ಇಡಬೇಕಾದದ್ದನ್ನು ಅಭ್ಯಾಸ ಬಲದಿಂದ ಕೈಚೀಲದಲ್ಲೇ ಬಿಟ್ಟಿದ್ದೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದು ಹೊರಬಂತು. ಅಲಗು ಎಷ್ಟೇ ಚಿಕ್ಕದಿರಲಿ, ಚಾಕುವನ್ನು ವಿಮಾನದೊಳಗೆ ಜೊತೆಯಲ್ಲಿ ಒಯ್ಯುವಂತಿಲ್ಲ. ನಿಯಮ ಅವರದ್ದು, ಮರೆವು ನನ್ನದು. ಅಲ್ಲಿಯೇ ಬಿಟ್ಟು ಹೋಗಬೇಕಾಯಿತು. ಮಕ್ಕಾದಲ್ಲಿ ಪರಿಚಯವೇ ಇಲ್ಲದ ಸಹೋದರಿಯೊಬ್ಬರು ತಮ್ಮ ಕತ್ತರಿ ಕೊಟ್ಟರು. ಅಮ್ಮಿಯ ಕೂದಲು ಕತ್ತರಿಸುವಾಗ ನನ್ನ ಕಣ್ಣು ತುಂಬಿತ್ತು.

ಊರಿಗೆ ಮರಳಿದ ಮೇಲೆ ಇನ್ನೊಂದು ಕೊಳ್ಳಲು ಮನಸ್ಸೇ ಬರಲಿಲ್ಲ. ಆದರೆ ದಿನದ ಕೆಲಸ ಕೇಳಬೇಕೇ? ನನ್ನ ಯಜಮಾನರು, "ತರುವುದಾದರೆ ದೊಡ್ಡದನ್ನೇ ತಾ, ಪಕ್ಕಡ ಇರುವಂಥದ್ದು" ಎಂದರು. ಈ ಪಕ್ಕಡದ ಬಗೆಗೂ ಒಂದು ಕಥೆಯಿದೆ. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಪತ್ನಿಯೊಂದಿಗೆ ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪ್ ಸುತ್ತುತ್ತಿದ್ದಾಗ ಕಾರು ಮತ್ತೆ ಮತ್ತೆ ಕೆಡುತ್ತಿತ್ತು. ಅವರ ಬಳಿಯಿದ್ದುದು ಚಾಕು ಮಾತ್ರ. ಅದರಲ್ಲಿ ಪಕ್ಕಡವೂ ಇದ್ದಿದ್ದರೆ ಎಂಬ ಯೋಚನೆ ಅಲ್ಲಿ ಹುಟ್ಟಿತು. ಅದು ಮಾರಾಟಕ್ಕೆ ಬಂದದ್ದು 1983ರಲ್ಲಿ. ಒಳ್ಳೆಯ ಸಾಧನವೇ ಸರಿ. ಆದರೆ ಇಂಥವುಗಳಲ್ಲಿ ಕೆಲವು ಕಾಲು ಕಿಲೋದಷ್ಟು ತೂಗುತ್ತವೆ.

ಸಿಂಧನೂರಿನ ಅಂಗಡಿಯಲ್ಲಿ ಹನ್ನೊಂದು ಕೆಲಸ ಮಾಡುತ್ತದೆಂದು ಒಂದನ್ನು ತೋರಿಸಿದರು. ಬೆಲೆ ಅಗ್ಗ. ಕತ್ತರಿಯಿಂದ ಕಾಗದ ಕತ್ತರಿಸಿ ನೋಡಿದೆ, ಮಡಚಿಕೊಂಡಿತೇ ವಿನಾ ಹರಿಯಲಿಲ್ಲ. ಹಾಗೇ ಇಟ್ಟು ಬಂದೆ.

ಆಗ ಒಂದು ಉಪಾಯ ಹೊಳೆಯಿತು. ಚಾಕು ಬೇಕೆನಿಸಿದಾಗಲೆಲ್ಲ ಯಾವುದಕ್ಕೆಂದು ಒಂದು ತಿಂಗಳು ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಗೀಟು ಹಾಕುತ್ತಾ ಹೋದೆ. ಕತ್ತರಿ 21 ಸಲ. ಪೆನ್ಸಿಲ್ ಕೆತ್ತಲು, ಹಣ್ಣು ಹೆಚ್ಚಲು ಅಲಗು 9 ಸಲ. ಚಿಮಟ 5 ಸಲ. ಗಡಿಯಾರದ ಚಿಕ್ಕ ತಿರುಪು ಬಿಗಿಯಲು 3 ಸಲ. ಪಕ್ಕಡ ಒಂದೇ ಸಲ, ಅದೂ ಮನೆಯ ನಲ್ಲಿಗೆ. ಅಬ್ಬಾನ ಹಳೆಯ ಪಕ್ಕಡ ಮನೆಯಲ್ಲೇ ಇದೆಯಲ್ಲ!

ಲೆಕ್ಕ ಹೇಳಿದ್ದು ಸ್ಪಷ್ಟವಾಗಿತ್ತು. ನನಗೆ ಬೇಕಾದದ್ದು ಕಳೆದುಹೋದಂಥದ್ದೇ. ಅದು ಸ್ವಿಟ್ಜರ್‌ಲೆಂಡಿನ ವಿಕ್ಟೋರಿನಾಕ್ಸ್ ಕಂಪೆನಿಯ ಕ್ಲಾಸಿಕ್ ಎಂಬ ಬಗೆ. 58 ಮಿಲಿಮೀಟರ್ ಉದ್ದ, ತೂಕ 20 ಗ್ರಾಂಗಿಂತ ತುಸು ಹೆಚ್ಚು. ಅರದ ತುದಿಯೇ ಚಿಕ್ಕ ಸ್ಕ್ರೂಡ್ರೈವರ್. ಕಂಪೆನಿ ಕಟ್ಟಿದ ಕಾರ್ಲ್ ಎಲ್ಸೆನರ್ 1909ರಲ್ಲಿ ತಮ್ಮ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಅವರ ಹೆಸರನ್ನೇ ತಮ್ಮ ಸರಕಿಗೆ ಇಟ್ಟರಂತೆ. ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ 1921ರಲ್ಲಿ 'ಇನಾಕ್ಸ್' ಸೇರಿ ಈಗಿನ ಹೆಸರಾಯಿತು. ಇದನ್ನು ಓದಿ ಹೇಳಿದಾಗ ಅಮ್ಮಿ, "ತಾಯಿಯ ನೆನಪಿಗೆ ಅವನು ಚಾಕು ಮಾಡುವುದನ್ನು ನಿಲ್ಲಿಸಲಿಲ್ಲ. ಅಬ್ಬಾನ ನೆನಪಿಗೆ ನೀನು ಕೈ ಕಟ್ಟಿ ಕೂತಿದ್ದೀ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಹೊಸದು ಬಂತು. ಎರಡನೆಯ ದಿನವೇ ಬಳ್ಳಾರಿ ಜಾಲಿಯ ಮುಳ್ಳು ತುಳಿದ ಹುಡುಗಿಯೊಬ್ಬಳು ಅಳುತ್ತಾ ಬಂದಳು. ಚಿಮಟದಿಂದ ಮುಳ್ಳು ಕಿತ್ತೆ. ಅವಳು ಕಣ್ಣೊರೆಸಿಕೊಂಡು ಆಡಲು ಓಡಿದಳು. ಅದು ಹಳೆಯದೋ ಹೊಸದೋ ಎಂದು ಅವಳು ಕೇಳಲಿಲ್ಲ. ಮಕ್ಕಾದ ಆ ಸಹೋದರಿಯ ಕತ್ತರಿಯ ಬಗ್ಗೆ ನಾನೂ ಕೇಳಿರಲಿಲ್ಲ.

ಸಹೋದರಿಯರೇ, ಕೊಳ್ಳುವ ಮೊದಲು ನೀವೂ ಒಂದು ತಿಂಗಳು ಗೀಟು ಹಾಕಿ ನೋಡಿ. ಮಕ್ಕಳ ಕೈಗೆ ಸಿಗದಂತೆ ಇಡಿ. ವಿಮಾನ ಹತ್ತುವ ದಿನ ಮಾತ್ರ ಕೈಚೀಲವನ್ನು ಎರಡು ಸಲ ಕೊಡವಿ ನೋಡಿ.